ಕಾಡಿನ ಯೋಜನೆಗೆ ಊರು ಕೂತಾಗ: ರಂಗೋಲಿ ನಕ್ಷೆಯಿಂದ ಕಂಪ್ಯೂಟರ್ ತನಕ, ಯಾವ ಸಾಧನ ಯಾವ ಕೆಲಸಕ್ಕೆ?

ಗ್ರಾಮ ಅರಣ್ಯ ಸಮಿತಿಯ ಸಭೆ ನೋಡಿದವರಿಗೆ ಈ ಚಿತ್ರ ಗೊತ್ತಿರುತ್ತದೆ. ಶಾಲೆಯ ಜಗಲಿ. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಫಾರೆಸ್ಟರ್, ಮಾತು ಬಲ್ಲ ನಾಲ್ಕು ಜನ. ಹಿಂದೆ ಬಾಗಿಲ ಹತ್ತಿರ ಹೆಂಗಸರು. ಒಂದೂವರೆ ತಾಸಿನಲ್ಲಿ ಮೈಕ್ರೋ ಪ್ಲಾನ್, ಅಂದರೆ ಊರ ಕಾಡಿನ ಯೋಜನೆ, ಓದಿ ಆಗುತ್ತದೆ, ಸಹಿ ಆಗುತ್ತದೆ, ಚಹಾ ಆಗುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಯಾರೋ ಕೇಳುತ್ತಾರೆ: "ನಮ್ಮ ದನ ಹೋಗುವ ದಾರಿಗೇ ಅಗಳ ಹೊಡೆದರಲ್ಲ, ಇದನ್ನು ಒಪ್ಪಿದ್ದು ಯಾರು?" ಒಪ್ಪಿದ್ದು ಊರೇ. ಆದರೆ ಕಾಗದದ ಮೇಲೆ ಬರೆದದ್ದು ನೆಲದ ಮೇಲೆ ಎಲ್ಲಿ ಬರುತ್ತದೆ ಅನ್ನೋದು ಊರಿಗೆ ಕಂಡಿರಲಿಲ್ಲ.

ಇದನ್ನು ತಪ್ಪಿಸುವುದಕ್ಕೆಂದೇ ಹಲವು ಸಾಧನಗಳಿವೆ. ಕೆಲವು ಬರೀ ರಂಗೋಲಿ ಪುಡಿ ಮತ್ತು ಹುಣಸೆ ಬೀಜದಲ್ಲಿ ಆಗುವಂಥವು. ಕೆಲವಕ್ಕೆ ಮೊಬೈಲ್ ಬೇಕು. ಇನ್ನು ಕೆಲವಕ್ಕೆ ಕಂಪ್ಯೂಟರ್, ಅದನ್ನು ನಡೆಸಲು ಕಲಿತವರು ಬೇಕು. ಯಾವುದು ಒಳ್ಳೆಯದು ಎಂದು ಕೇಳಿದರೆ ಉತ್ತರ ಹೇಳಲಿಕ್ಕೆ ಬರುವುದಿಲ್ಲ. ನಿಮ್ಮ ಊರು ಎಲ್ಲಿ ಸಿಕ್ಕಿಕೊಂಡಿದೆ ಎಂದು ಮೊದಲು ನೋಡಬೇಕು. "ಎಲ್ಲಿ" ಎಂಬುದರಲ್ಲಿ ಗೊಂದಲವೇ? ಅಂದರೆ ಗಡಿ, ದಾರಿ, ಹಳ್ಳ, ಬನ ಎಲ್ಲಿವೆ ಅನ್ನೋದೇ ಜಗಳವೇ? ಅಥವಾ "ಯಾವುದು ಮುಖ್ಯ" ಎಂಬುದರಲ್ಲಿ ಮನಸ್ಸು ಒಂದಾಗುತ್ತಿಲ್ಲವೇ? ಅಥವಾ ಎಲ್ಲ ಗೊತ್ತಿದೆ, ಮೂರು ದಾರಿ ಮುಂದಿವೆ, ಒಂದನ್ನು ಆರಿಸಬೇಕು ಅಷ್ಟೆಯೇ? ಈ ಮೂರಕ್ಕೂ ಬೇರೆ ಬೇರೆ ಸಾಧನ. ಇಂಥ ಸಭೆಗಳಲ್ಲಿ ಕೂತ ನನಗೆ ಮತ್ತೆ ಮತ್ತೆ ಕಂಡದ್ದು ಒಂದೇ: ಜಗಳ ಗಡಿಯದ್ದು, ಕೈಗೆತ್ತಿಕೊಂಡದ್ದು ಅಂಕ ಕೊಡುವ ಸಾಧನ.

ಇನ್ನೊಂದು ಅಳತೆಯನ್ನು ಈ ಬರಹದ ಉದ್ದಕ್ಕೂ ಬಳಸಿದ್ದೇನೆ. ಬಾಗಿಲ ಹತ್ತಿರ ಕೂತ ಅಜ್ಜಿ ಎದ್ದು ಬಂದು "ಇದು ತಪ್ಪು" ಎಂದು ತನ್ನ ಕೈಯಿಂದಲೇ ತಿದ್ದಬಲ್ಲಳೇ? ತಿದ್ದಬಲ್ಲಳಾದರೆ ಆ ಸಾಧನಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ.

ಯಾವ ಕಾನೂನಿನ ಕೆಳಗೆ ಕೂತಿದ್ದೀರಿ?

ಸಾಧನ ಆರಿಸುವ ಮೊದಲು ಇದು ಗೊತ್ತಿರಲಿ. ಕರ್ನಾಟಕದಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಬಂದದ್ದು 1993ರಲ್ಲಿ. ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದ್ದು ಅದರಿಂದ. ಅಲ್ಲಿ ಮೈಕ್ರೋ ಪ್ಲಾನನ್ನು ಅರಣ್ಯ ಇಲಾಖೆ ಮತ್ತು ಸಮಿತಿ ಸೇರಿ ಮಾಡುತ್ತವೆ, ಕೊನೆಯ ಒಪ್ಪಿಗೆ ಇಲಾಖೆಯದ್ದು.

2006ರ ಅರಣ್ಯ ಹಕ್ಕು ಕಾಯ್ದೆಯ ದಾರಿಯೇ ಬೇರೆ. ಅಲ್ಲಿ ಸಮುದಾಯದ ಅರಣ್ಯ ಸಂಪನ್ಮೂಲದ ಹಕ್ಕು ಸಿಕ್ಕ ಮೇಲೆ ಕಾಡನ್ನು ಹೇಗೆ ನೋಡಿಕೊಳ್ಳಬೇಕು ಎಂದು ಯೋಜನೆ ಮಾಡುವುದು ಗ್ರಾಮ ಸಭೆ ನೇಮಿಸುವ ಸಮಿತಿ. ಹಕ್ಕಿನ ಅರ್ಜಿ ನಮೂನೆ 'ಸಿ'ಯಲ್ಲಿ ಹೋಗುತ್ತದೆ. 2012ರ ತಿದ್ದುಪಡಿಯ ಪ್ರಕಾರ ಗ್ರಾಮ ಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು.

ಇದರಿಂದ ಸಾಧನದ ಆಯ್ಕೆಗೂ ವ್ಯತ್ಯಾಸ ಆಗುತ್ತದೆ. ಮೊದಲ ದಾರಿಯಲ್ಲಿ ನಿಮ್ಮ ನಕ್ಷೆ, ಅಂಕ ಎಲ್ಲವೂ ಇಲಾಖೆಯವರನ್ನು ಒಪ್ಪಿಸುವುದಕ್ಕೆ ಬೇಕು. ಹಾಗಾಗಿ ಅವರು ಓದಬಲ್ಲ ರೂಪದಲ್ಲಿ ಇರಬೇಕು. ಎರಡನೆಯದರಲ್ಲಿ ಅದು ಮೊದಲು ಊರಿನೊಳಗೇ ಒಪ್ಪಿಗೆ ಆಗುವುದಕ್ಕೆ ಬೇಕು.

"ಎಲ್ಲಿ" ಎಂಬ ಪ್ರಶ್ನೆಗೆ: ನೆಲದ ನಕ್ಷೆ, ಜಿಪಿಎಸ್, ರಟ್ಟಿನ ಗುಡ್ಡ

ನೆಲದ ನಕ್ಷೆ ಎಲ್ಲಕ್ಕಿಂತ ಅಗ್ಗ. ಅಂಗಳ ಗುಡಿಸಿ, ರಂಗೋಲಿ ಪುಡಿ, ಇದ್ದಿಲು, ಎಲೆ, ಕಲ್ಲು ಇಟ್ಟು ಊರು ಮತ್ತು ಕಾಡನ್ನು ಬಿಡಿಸುವುದು. ಪಿಆರ್‌ಎ ಎಂಬ, ಊರವರ ಜೊತೆ ಕೂತು ಊರಿನ ಮಾಹಿತಿ ಕಲೆಹಾಕುವ ಪದ್ಧತಿಯ ತರಬೇತಿ ಆದವರಿಗೆಲ್ಲ ಇದು ಗೊತ್ತು. ಇದರ ದೊಡ್ಡ ಗುಣ ಎಂದರೆ ಓದು ಬರಹ ಬೇಡ, ಹೆದರಿಕೆ ಇಲ್ಲ. ಒಂದು ಸಭೆಯಲ್ಲಿ ಗಂಡಸರು ಬಿಡಿಸಿ ಮುಗಿಸಿದ ನಕ್ಷೆಯ ಹತ್ತಿರ ಒಬ್ಬರು ಅಜ್ಜಿ ಬಂದು ಏನೂ ಮಾತಾಡದೆ ಒಂದು ಕಲ್ಲನ್ನು ಒಂದು ಗೇಣು ಆಚೆ ಸರಿಸಿದರು. ಅದು ಬೇಸಿಗೆಯಲ್ಲೂ ನೀರು ಬತ್ತದ ಹಳ್ಳದ ತಲೆ. ಅವರು ದರಕು (ಉದುರಿದ ಒಣ ಎಲೆ) ತರಲು ಹೋಗುವ ಜಾಗ. ಸಸಿ ನೆಡುವ ಗುಂಡಿಗಳು ಅಲ್ಲೇ ಬರುವುದಿತ್ತು. ಆ ಒಂದು ಗೇಣಿನಿಂದ ಇಡೀ ಚರ್ಚೆ ಬದಲಾಯಿತು.

ದೋಷವೂ ಇದೆ. ಈ ನಕ್ಷೆಗೆ ಅಳತೆ ಇಲ್ಲ. ಮನೆ ಹತ್ತಿರದ್ದು ದೊಡ್ಡದಾಗಿ ಬರುತ್ತದೆ, ದೂರದ ಗುಡ್ಡ ಮೂಲೆಯಲ್ಲಿ ಮುದುಡುತ್ತದೆ. ಮತ್ತೆ ಅದು ಉಳಿಯುವುದಿಲ್ಲ. ಸಂಜೆ ಒಂದು ಮಳೆ ಬಂದರೆ ಇಡೀ ದಿನದ ಕೆಲಸ ಹೋಯಿತು. ಎದ್ದು ಹೋಗುವ ಮೊದಲು ಯಾರಾದರೂ ಏಣಿ ಹತ್ತಿ ಮೇಲಿನಿಂದ ಫೋಟೋ ತೆಗೆಯಬೇಕು, ಇನ್ನೊಬ್ಬರು ಡ್ರಾಯಿಂಗ್ ಹಾಳೆಗೆ ಇಳಿಸಬೇಕು. ಇದನ್ನು ಮರೆತು ಕೈ ಸುಟ್ಟುಕೊಂಡವನು ನಾನು, ಅದಕ್ಕೇ ಹೇಳುತ್ತಿದ್ದೇನೆ.

ಜಿಪಿಎಸ್ ಹಿಡಿದು ಗಡಿ ಸುತ್ತುವುದು ಎರಡನೆಯ ದಾರಿ. ಈಗ ಇದಕ್ಕೆ ಬೇರೆ ಯಂತ್ರ ಬೇಡ, ಮೊಬೈಲ್ ಸಾಕು. ಕ್ಯೂಫೀಲ್ಡ್, ಒಡಿಕೆ ಕಲೆಕ್ಟ್ ಉಚಿತ ಆಪ್‌ಗಳು. ಸಿಗ್ನಲ್ ಇಲ್ಲದ ಕಾಡಿನಲ್ಲೂ ನಡೆಯುತ್ತವೆ. ಮನೆಗೆ ಬಂದು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ನಕ್ಷೆ ಮಾಡಬಹುದು. ಹಿನ್ನೆಲೆಗೆ ಇಸ್ರೋದ ಭುವನ್ ಜಾಲತಾಣದ ಉಪಗ್ರಹ ಚಿತ್ರ ನೋಡಬಹುದು. ನಿಂತ ಜಾಗದ ಸರ್ವೆ ನಂಬರ್ ಯಾವುದು ಎಂದು ಅಂದಾಜು ತಿಳಿಯಲು ನಮ್ಮ ರಾಜ್ಯದ ದಿಶಾಂಕ್ ಆಪ್ ಇದೆ. ಆದರೆ ದಿಶಾಂಕ್ ತೋರಿಸುವ ಗೆರೆ ಮಾಹಿತಿಗೆ ಮಾತ್ರ. ಅದನ್ನೇ ದಾಖಲೆ ಎಂದು ಹಿಡಿದು ವಾದಕ್ಕೆ ನಿಲ್ಲಬೇಡಿ.

ನಿಖರತೆಯ ಬಗ್ಗೆ ಒಂದು ಲೆಕ್ಕ. ಬಯಲಿನಲ್ಲಿ ಮೊಬೈಲ್ ಜಿಪಿಎಸ್ ಸಾಮಾನ್ಯವಾಗಿ 5 ಮೀಟರ್ ಆಚೀಚೆ ತೋರಿಸುತ್ತದೆ. ದಟ್ಟ ಮರದ ಕೆಳಗೆ, ಕಣಿವೆಯಲ್ಲಿ ಅದು 10 ಮೀಟರ್ ದಾಟುವುದುಂಟು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಚೌಕ ಮಾಡಿದರೆ ಒಂದು ಬದಿ 64 ಮೀಟರ್ ಹತ್ತಿರ. ಮೂಲೆಗಳು 10 ಮೀಟರ್ ಆಚೀಚೆ ಆದರೆ ಎಕರೆಯ ಲೆಕ್ಕ ಕೈಕೊಡುತ್ತದೆ. ಇನ್ನೂರು ಹೆಕ್ಟೇರ್ ಊರ ಕಾಡಿಗೆ ಮಾತ್ರ ಅಷ್ಟು ವ್ಯತ್ಯಾಸ ನಡೆಯುತ್ತದೆ. ಆದ್ದರಿಂದ ಕಾಡಿನ ಯೋಜನೆಗೆ ಮೊಬೈಲ್ ಸಾಕು, ಇಬ್ಬರ ನಡುವಿನ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಗಡಿ ತಕರಾರಿಗೆ ಸಾಲದು. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಬೆಟ್ಟದ ಸೌಲಭ್ಯ ಇರುವುದರಿಂದ ಈ ತಕರಾರು ಬಂದೇ ಬರುತ್ತದೆ. ಅದಕ್ಕೆ ಸರ್ವೆಯವರನ್ನೇ ಕರೆಯಿರಿ.

ಜಿಪಿಎಸ್ ಏನು ಮಾಡಬಲ್ಲದು ಎಂದು ನೋಡಲು ಬಿಳಿಗಿರಿರಂಗನ ಬೆಟ್ಟಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ಆದಿವಾಸಿ ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಕಾಡು ಸುತ್ತಿ ತಮ್ಮ ಕುಲಗಳ ಯೆಲ್ಲೆಗಳನ್ನು ನಕ್ಷೆಗೆ ತಂದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಹೀಗೆ 400ಕ್ಕೂ ಹೆಚ್ಚು ಪವಿತ್ರ ಜಾಗಗಳು ಗುರುತಾದವು. ಸರ್ಕಾರದ ನಕ್ಷೆಯಲ್ಲಿ ಬರೀ ಹಸಿರು ಬಣ್ಣ ಇದ್ದ ಕಡೆ ಹೆಸರುಗಳು ಬಂದವು. 2011ರಲ್ಲಿ ಅಲ್ಲಿನ ಗ್ರಾಮ ಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ನಕ್ಷೆಯೊಂದರಿಂದಲೇ ಹಕ್ಕು ಬಂತು ಎಂದು ನಾನು ಹೇಳುತ್ತಿಲ್ಲ, ಅದರ ಹಿಂದೆ ಸೋಲಿಗರ ಸಂಘದ ವರ್ಷಗಳ ಹೋರಾಟ ಇದೆ. ಆದರೆ "ಇಲ್ಲಿ ನಾವಿದ್ದೆವು" ಎಂಬುದನ್ನು ಅಧಿಕಾರಿಗಳ ಭಾಷೆಯಲ್ಲೇ ಹೇಳಲು ಅದರಿಂದ ಬಲ ಬಂತು.

ಎಚ್ಚರದ ಮಾತು ಎರಡು. ಒಂದು, ಅರಣ್ಯ ಹಕ್ಕು ನಿಯಮಗಳ ಪ್ರಕಾರ ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕ, ಅದರ ಬದಲಿಗೆ ಅಲ್ಲ. ಹಿರಿಯರ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ಬನ ಇವೂ ಸಾಕ್ಷ್ಯವೇ. "ಉಪಗ್ರಹದಲ್ಲಿ ಕಾಣಿಸುವುದಿಲ್ಲ, ಅರ್ಜಿ ವಜಾ" ಎಂದು ಯಾರಾದರೂ ಅಂದರೆ ಈ ನಿಯಮವನ್ನು ತೋರಿಸಿ. ಎರಡು, ಎಲ್ಲವನ್ನೂ ನಕ್ಷೆಗೆ ಹಾಕಬೇಡಿ. ಜೇನು ಕಟ್ಟುವ ಮರ, ಔಷಧಿ ಬೇರಿನ ಜಾಗ, ಹೊರಗಿನವರಿಗೆ ಹೇಳಬಾರದ ದೇವರ ಜಾಗ ಇವು ಮೊಬೈಲಿನಲ್ಲಿ ಒಮ್ಮೆ ಕೂತರೆ ಎಲ್ಲಿಗೆ ಹೋಗುತ್ತವೆ ಎಂದು ಹೇಳಲಾಗದು. ಯಾವುದು ಊರೊಳಗಿನ ಪ್ರತಿಗೆ, ಯಾವುದು ಹೊರಗೆ ಕೊಡುವ ಪ್ರತಿಗೆ ಎಂದು ಮೊದಲ ದಿನವೇ ತೀರ್ಮಾನ ಆಗಲಿ.

ಮೂರನೆಯದು ನನಗೆ ತುಂಬಾ ಇಷ್ಟದ್ದು, ನಮ್ಮ ಕಡೆ ಬಳಕೆ ಕಡಿಮೆ. ರಟ್ಟಿನ ಗುಡ್ಡ. ಸರ್ವೆ ಆಫ್ ಇಂಡಿಯಾದ ನಕ್ಷೆಯ ಎತ್ತರದ ಗೆರೆಗಳನ್ನು ರಟ್ಟಿನ ಮೇಲೆ ಇಳಿಸಿ, ಕತ್ತರಿಸಿ, ಒಂದರ ಮೇಲೊಂದು ಅಂಟಿಸಿದರೆ ನಿಮ್ಮ ಗುಡ್ಡ, ಕಣಿವೆ ಮೇಜಿನ ಮೇಲೆ ಎದ್ದು ನಿಲ್ಲುತ್ತವೆ. ಗುಂಡುಸೂಜಿ ಚುಚ್ಚಿದರೆ ಬಾವಿ, ಬನ, ಮನೆ. ಉಣ್ಣೆ ದಾರ ಎಳೆದರೆ ದಾರಿ, ಗಡಿ. ಬಣ್ಣ ಬಳಿದರೆ ಕಾಡು, ಬೇಣ (ಹುಲ್ಲುಗಾವಲು), ತೋಟ. ಫಿಲಿಪ್ಪೀನ್ಸ್‌ನಲ್ಲಿ ಇದು ಎಷ್ಟು ಚೆನ್ನಾಗಿ ನಡೆಯಿತು ಎಂದರೆ 2001ರಲ್ಲಿ ಅಲ್ಲಿನ ಪರಿಸರ ಇಲಾಖೆಯೇ ಸಂರಕ್ಷಿತ ಪ್ರದೇಶಗಳ ಯೋಜನೆಗೆ ಇದನ್ನು ಬಳಸಿ ಎಂದು ಸುತ್ತೋಲೆ ಹೊರಡಿಸಿತು.

ಲೆಕ್ಕ ಕಷ್ಟವಿಲ್ಲ. 1:50,000 ನಕ್ಷೆಯಲ್ಲಿ ಎತ್ತರದ ಗೆರೆ 20 ಮೀಟರ್‌ಗೆ ಒಂದು. 1:5,000 ಅಳತೆಯಲ್ಲಿ ಮಾಡಿದರೆ 20 ಮೀಟರ್ ಎಂದರೆ 4 ಮಿಲಿಮೀಟರ್ ದಪ್ಪದ ರಟ್ಟು. 4 ಕಿಲೋಮೀಟರ್ ಉದ್ದದ ಊರು 80 ಸೆಂಟಿಮೀಟರ್ ಆಗುತ್ತದೆ. ಕತ್ತರಿಸಿ ಅಂಟಿಸುವುದು ಹೈಸ್ಕೂಲ್ ಮಕ್ಕಳ ಕೆಲಸ. ತುಂಬಿಸುವುದು ಹಿರಿಯರ ಕೆಲಸ. ನಾಲ್ಕೈದು ದಿನ ಹಿಡಿಯುತ್ತದೆ, ಜಾಗ ಬೇಕು, ಇಲಿ ಮತ್ತು ತೇವದಿಂದ ಕಾಪಾಡಬೇಕು. ಆದರೆ ಮಲೆನಾಡಿನಂಥ ಏರಿಳಿತದ ಜಾಗಕ್ಕೆ ಇದರಷ್ಟು ಬೇಗ ಅರ್ಥವಾಗುವುದು ಬೇರೆ ಇಲ್ಲ. ಮೇಲಿನ ಗುಡ್ಡ ಬೋಳಾದರೆ ಮಣ್ಣು ಯಾರ ಕೆರೆಗೆ ಇಳಿಯುತ್ತದೆ ಎಂದು ಬೆರಳು ಜಾರಿಸಿ ತೋರಿಸಬಹುದು. ಬಯಲುಸೀಮೆಯ ಚಪ್ಪಟೆ ಗೋಮಾಳಕ್ಕೆ ಇಷ್ಟೆಲ್ಲ ಬೇಡ. ಅಲ್ಲಿ ನೆಲದ ನಕ್ಷೆ ಮತ್ತು ಜಿಪಿಎಸ್ ಸಾಕು.

"ಯಾವುದು ಮುಖ್ಯ" ಎಂಬ ಪ್ರಶ್ನೆಗೆ: ಹುಣಸೆ ಬೀಜ, ಜೋಡಿ ಹೋಲಿಕೆ

ಕಾಡಿನಿಂದ ಊರಿಗೆ ಏನು ಬೇಕು? ಸೌದೆ, ಸೊಪ್ಪು ಮತ್ತು ದರಕು, ಮೇವು, ಉಪ್ಪಾಗೆ ಮತ್ತು ಮುರುಗಲು ಹಣ್ಣು, ಹಳ್ಳದ ನೀರು, ಮರದಿಂದ ಬರುವ ದುಡ್ಡು. ಎಲ್ಲವೂ ಬೇಕು. ಆದರೆ ಎಲ್ಲವನ್ನೂ ಒಂದೇ ಜಾಗದಲ್ಲಿ ಹೆಚ್ಚಿಸಲಾಗದು.

ಬೀಜ ಇಡುವ ಆಟ ಸುಲಭದ್ದು. ನೆಲದ ಮೇಲೆ ಚೌಕ ಬರೆದು, ಒಂದೊಂದರಲ್ಲಿ ಒಂದೊಂದು ಗುರುತು ಇಡಿ. ಸೌದೆಗೆ ಕಡ್ಡಿ, ಮೇವಿಗೆ ಹುಲ್ಲು. ಪ್ರತಿಯೊಬ್ಬರಿಗೂ 20 ಹುಣಸೆ ಬೀಜ. ಯಾವುದಕ್ಕೆ ಎಷ್ಟು ಬೇಕೋ ಅಷ್ಟು ಇಡಲಿ. ಹತ್ತು ನಿಮಿಷದಲ್ಲಿ ರಾಶಿಗಳೇ ಮಾತಾಡುತ್ತವೆ. ಒಂದು ನಿಯಮ ಮಾತ್ರ ಬಿಡಬೇಡಿ: ಗಂಡಸರು, ಹೆಂಗಸರು ಬೇರೆ ಬೇರೆ ಇಡಬೇಕು. ಭೂಮಿ ಇಲ್ಲದವರಿಗೆ, ದನ ಸಾಕುವವರಿಗೆ ಬೇರೆ ಸರದಿ ಕೊಟ್ಟರೆ ಇನ್ನೂ ಒಳ್ಳೆಯದು. ಒಟ್ಟಿಗೆ ಇಟ್ಟರೆ ಹಿಂದೆ ಬಂದವರು ಮುಂದಿನವರ ರಾಶಿ ನೋಡಿ ಅಲ್ಲೇ ಇಡುತ್ತಾರೆ. ಎಲ್ಲ ರಾಶಿಗಳನ್ನು ಕೂಡಿ ಒಂದು ಸರಾಸರಿ ತೆಗೆಯುವ ಆತುರವೂ ಬೇಡ. ಹೆಂಗಸರ ಸೌದೆ ರಾಶಿ ದೊಡ್ಡದು, ಗಂಡಸರ ಮರದ ದುಡ್ಡಿನ ರಾಶಿ ದೊಡ್ಡದು ಎಂದಾದರೆ ಆ ವ್ಯತ್ಯಾಸವೇ ನಿಮಗೆ ಬೇಕಾದ ಮಾಹಿತಿ. ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ.

ಇದರದ್ದೇ ಓದಿದ ಅಕ್ಕ ಎಂದರೆ ಎಎಚ್‌ಪಿ ಎಂಬ ಜೋಡಿ ಹೋಲಿಕೆಯ ಪದ್ಧತಿ. ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ್ದು. ಜಗತ್ತಿನ ಅರಣ್ಯ ಯೋಜನೆಯ ಅಧ್ಯಯನಗಳಲ್ಲಿ ಬಹಳ ಬಳಕೆಯಾಗಿದೆ. ಎರಡೆರಡನ್ನೇ ಎದುರಿಗಿಟ್ಟು "ಸೌದೆಗಿಂತ ನೀರು ಎಷ್ಟು ಪಟ್ಟು ಮುಖ್ಯ?" ಎಂದು 1ರಿಂದ 9ರ ತನಕ ಅಂಕ ಕೇಳುತ್ತದೆ. ಕೊನೆಗೆ ಪ್ರತಿಯೊಂದಕ್ಕೂ ತೂಕ ಬರುತ್ತದೆ. ಉತ್ತರಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದೂ ಪರೀಕ್ಷೆ ಮಾಡುತ್ತದೆ. ಅದು ಅದರ ಒಳ್ಳೆಯ ಗುಣ.

ಆದರೆ ಪ್ರಶ್ನೆಗಳನ್ನು ಎಣಿಸಿ ನೋಡಿ. 6 ವಿಷಯ ಇದ್ದರೆ 15 ಜೋಡಿ. 9 ಆದರೆ 36. ನಲವತ್ತು ಜನರಿಗೆ ಹದಿನೈದು ಪ್ರಶ್ನೆ ಎಂದರೆ 600 ಉತ್ತರ. ಮಧ್ಯಾಹ್ನ ಮೂರು ಗಂಟೆಗೆ ಹಾಲು ಕರೆಯಲು ಹೊರಡುವ ಹೆಂಗಸನ್ನು ಕೂರಿಸಿಕೊಂಡು ಹನ್ನೊಂದನೇ ಜೋಡಿ ಕೇಳುವುದು ಸರಿಯಲ್ಲ. ಜೊತೆಗೆ "ಮೂರು ಪಟ್ಟು ಮುಖ್ಯ" ಅನ್ನೋದು ನಮ್ಮ ಮಾತಿನಲ್ಲಿ ಬರುವ ರೀತಿಯೂ ಅಲ್ಲ. ಕೊನೆಯ ತೂಕ ಹೇಗೆ ಬಂತು ಎಂದು ಯಾರಿಗೂ ಕೈಯಲ್ಲಿ ಲೆಕ್ಕ ಹಾಕಿ ತೋರಿಸಲಾಗದು. ಅಜ್ಜಿ ತಿದ್ದಲಾರಳು. ಹತ್ತು ಜನರ ಸಣ್ಣ ಸಮಿತಿ, ನಾಲ್ಕೈದು ವಿಷಯ, ಲೆಕ್ಕ ಬಿಡಿಸಿ ಹೇಳುವ ಒಬ್ಬರು ಇದ್ದರೆ ಮಾತ್ರ ಎಎಚ್‌ಪಿ ಬಳಸಿ. ಇಡೀ ಊರಿಗೆ ಬೀಜವೇ ಸರಿ.

ಎರಡಕ್ಕೂ ಸೇರಿದ ಒಂದು ತೊಂದರೆ ಹೇಳಲೇಬೇಕು. ಈ ಸಾಧನಗಳು ಒಂದೊಂದು ವಿಷಯವನ್ನೂ ಬೇರೆ ಬೇರೆ ಚೌಕದಲ್ಲಿ ಇಡುತ್ತವೆ. ಕಾಡಿನಲ್ಲಿ ಅವು ಬೇರೆ ಇರುವುದಿಲ್ಲ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಸಿಪ್ಪೆ ಒಣಗಿಸಲು ಬಿಸಿಲಿಲ್ಲ, ಒಲೆಯ ಮೇಲೆ ಒಣಗಿಸಬೇಕು. ಅದಕ್ಕೆ ರಾಶಿ ಸೌದೆ ಬೇಕು. ಅಂದರೆ ಉಪ್ಪಾಗೆಗೆ ಜಾಸ್ತಿ ಬೀಜ ಇಟ್ಟ ಊರು ತನಗೆ ಗೊತ್ತಿಲ್ಲದೆ ಸೌದೆಯ ಖರ್ಚನ್ನೂ ಹೆಚ್ಚಿಸಿಕೊಂಡಿತು. ಬೀಜ ಇಟ್ಟು ಮುಗಿದ ಮೇಲೆ "ಇದು ಹೆಚ್ಚಾದರೆ ಯಾವುದು ಕಡಿಮೆ ಆಗುತ್ತದೆ?" ಎಂದು ಒಂದು ಸುತ್ತು ಮಾತಾಡಿ. ಸುಮ್ನೆ ಅಂಕ ಬರೆದುಕೊಂಡು ಏಳಬೇಡಿ.

ಇನ್ನೊಂದು, ಚೌಕಗಳಿಗೆ ಹೆಸರು ಇಡುವವರು ಯಾರು? ಸೋಲಿಗರಲ್ಲಿ ತರಗು ಬೆಂಕಿ ಎಂಬ ಪದ್ಧತಿ ಇತ್ತು. ಬೇಸಿಗೆಯ ಮೊದಲಲ್ಲಿ ಒಣ ಎಲೆಗೆ ಸಣ್ಣ ಬೆಂಕಿ ಕೊಡುವುದು. ಅದು ನಿಂತ ಮೇಲೆ ಲಂಟಾನ ಕಳೆ ಹಬ್ಬಿತು, ನೆಲ್ಲಿಮರಗಳಿಗೆ ಬಂದಳಿಕೆ ಹೆಚ್ಚಿತು ಎಂದು ಅವರು ಹೇಳುತ್ತಾರೆ. ಆದರೆ ಇಲಾಖೆಯ ಪಟ್ಟಿಯಲ್ಲಿ ಬೆಂಕಿಗೆ ಇರುವ ಸಾಲು ಒಂದೇ, ಬೆಂಕಿ ತಡೆಯುವುದು. ಪಟ್ಟಿಯನ್ನು ಹೊರಗಿನವರು ಮೊದಲೇ ಬರೆದು ತಂದರೆ ಎಷ್ಟೇ ಒಳ್ಳೆಯ ಸಾಧನ ಇದ್ದರೂ ಇಂಥ ತಿಳಿವಳಿಕೆಗೆ ಕೂರಲು ಜಾಗವೇ ಇರುವುದಿಲ್ಲ. ಮೊದಲ ಸಭೆಯಲ್ಲಿ ಬರೀ ಸಾಲುಗಳನ್ನು ಬರೆಯುವುದಷ್ಟೇ ಆಗಲಿ. ಅಂಕ ಆಮೇಲೆ.

ಮೂರರಲ್ಲಿ ಒಂದು ಆರಿಸಬೇಕಾದಾಗ: ಮತದ ರೀತಿಗಳು

ಮತ ಎಂದರೆ ಕೈ ಎತ್ತುವುದು, ಅಷ್ಟೇ ಅಲ್ವಾ ಎಂದು ಕೇಳಬಹುದು. ಅಷ್ಟೇ ಅಲ್ಲ. ಹೇಗೆ ಕೈ ಎತ್ತುತ್ತೇವೆ ಎಂಬುದರ ಮೇಲೆ ಗೆಲ್ಲುವುದೇ ಬದಲಾಗುತ್ತದೆ. ಲೆಕ್ಕಕ್ಕೆಂದು ಒಂದು ಊರು ಕಲ್ಪಿಸಿಕೊಳ್ಳೋಣ. 60 ಮನೆ. ಖಾಲಿ ಬಿದ್ದ 10 ಹೆಕ್ಟೇರ್ ಬೇಣಕ್ಕೆ ಮೂರು ಸಲಹೆ. ಅಕೇಶಿಯಾ ನೆಡುವುದು, ನೆಲ್ಲಿ ಮುರುಗಲು ಹಲಸು ಸೇರಿಸಿ ಮಿಶ್ರ ಸಸಿ ನೆಡುವುದು, ಏನೂ ನೆಡದೆ ಮೇವಿಗೆ ಬಿಡುವುದು.

ಒಂದು ಮನೆಗೆ ಒಂದೇ ಮತ ಎಂದರೆ: ಅಕೇಶಿಯಾ 24, ಮಿಶ್ರ 20, ಮೇವು 16. ಅಕೇಶಿಯಾ ಗೆದ್ದಿತು. ಉಳಿದ 36 ಮನೆಗೆ ಅದು ಮೊದಲ ಆಯ್ಕೆ ಅಲ್ಲ ಅನ್ನೋದು ಈ ಎಣಿಕೆಯಲ್ಲಿ ಕಾಣುವುದೇ ಇಲ್ಲ.

ಈಗ "ನಡೆಯುತ್ತದೆ ಅನ್ನಿಸುವ ಎಲ್ಲದಕ್ಕೂ ಕೈ ಎತ್ತಿ" ಎಂದು ಹೇಳಿ. ಅಕೇಶಿಯಾದವರಲ್ಲಿ 12 ಮನೆ, ಮೇವಿನವರಲ್ಲಿ 13 ಮನೆ ಮಿಶ್ರ ಸಸಿಯನ್ನೂ ಒಪ್ಪುತ್ತವೆ ಎಂದುಕೊಳ್ಳಿ. ಮಿಶ್ರಕ್ಕೆ 45 ಆಯಿತು. ಅಕೇಶಿಯಾಕ್ಕೆ ಹೊರಗಿನಿಂದ ಬಂದದ್ದು 3 ಮಾತ್ರ ಎಂದರೆ ಅದು 27ರಲ್ಲೇ ನಿಂತಿತು.

ಮೂರನೆಯ ರೀತಿ, ಮೊದಲ ಆಯ್ಕೆಗೆ 2, ಎರಡನೆಯದಕ್ಕೆ 1, ಕೊನೆಯದಕ್ಕೆ ಸೊನ್ನೆ. ಅಕೇಶಿಯಾದ 24 ಮನೆಗೂ ಮೇವಿನ 16 ಮನೆಗೂ ಎರಡನೆಯ ಆಯ್ಕೆ ಮಿಶ್ರವೇ ಎಂದಿಟ್ಟುಕೊಳ್ಳಿ. ಮಿಶ್ರದವರಲ್ಲಿ 15 ಮನೆಗೆ ಎರಡನೆಯದು ಮೇವು, 5 ಮನೆಗೆ ಅಕೇಶಿಯಾ. ಲೆಕ್ಕ ಹೀಗೆ ಬರುತ್ತದೆ: ಮಿಶ್ರ 80, ಅಕೇಶಿಯಾ 53, ಮೇವು 47. ಅದೇ ಜನ, ಅದೇ ಮನಸ್ಸು, ಬೇರೆ ತೀರ್ಮಾನ.

ಹತ್ತು ಹದಿನೈದು ವರ್ಷ ಜೊತೆಗೆ ಕಾಯಬೇಕಾದ ಕಾಡಿಗೆ ನಾನು ಎರಡನೆಯ ರೀತಿಯನ್ನೇ ಹೇಳುತ್ತೇನೆ. ಅರ್ಧಕ್ಕಿಂತ ಹೆಚ್ಚು ಮನೆ ಒಪ್ಪದ ನೆಡುತೋಪಿಗೆ ಬೇಲಿ ಉಳಿಯುವುದಿಲ್ಲ, ಬೆಂಕಿ ಬಿದ್ದಾಗ ಓಡಿ ಬರುವವರೂ ಇರುವುದಿಲ್ಲ. ಮೂರನೆಯದು ಕೂಡ ಒಳ್ಳೆಯದು, ಆದರೆ ಓದು ಬಾರದವರಿಗೆ ಚೀಟಿ ತುಂಬಲು ಬೇರೆಯವರ ನೆರವು ಬೇಕಾಗುತ್ತದೆ. ಆಗ ಗುಟ್ಟು ಉಳಿಯದು. ಕೈ ಎತ್ತುವುದರಲ್ಲಿಯೂ ಗುಟ್ಟಿಲ್ಲ. ಊರಿನಲ್ಲಿ ಸಾಲ, ಕೂಲಿ, ಜಾತಿಯ ಒತ್ತಡ ಇದೆ ಎಂದು ಗೊತ್ತಿದ್ದರೆ ಮೂರು ಮಡಕೆ ಇಟ್ಟು, ಪರದೆಯ ಹಿಂದೆ ಕಲ್ಲು ಹಾಕಿಸಿ.

ಕಂಪ್ಯೂಟರ್ ಸಾಧನಗಳು

ಫಿನ್‌ಲ್ಯಾಂಡ್, ಸ್ವೀಡನ್‌ನಲ್ಲಿ ಈ ಕೆಲಸ ಬಹಳ ಮುಂದೆ ಹೋಗಿದೆ. ಫಿನ್‌ಲ್ಯಾಂಡ್‌ನ ಸರ್ಕಾರಿ ಕಾಡುಗಳನ್ನು ನೋಡಿಕೊಳ್ಳುವ ಮೆಟ್ಸಾಹಲ್ಲಿಟುಸ್ ಸಂಸ್ಥೆ 1990ರ ದಶಕದಿಂದಲೂ ಯೋಜನೆಗೆ ಜನರನ್ನು ಕೂರಿಸಿಕೊಳ್ಳುತ್ತಿದೆ. ಹಿಮಸಾರಂಗ ಸಾಕುವವರು, ಮರ ಕಡಿಯುವವರು, ಪ್ರವಾಸೋದ್ಯಮದವರು ಒಂದೇ ಮೇಜಿಗೆ ಬರಬೇಕಾದ ದೇಶ ಅದು. ಅಲ್ಲಿ ಮೆಸ್ಟಾ ಎಂಬ ಸಾಧನ ರೂಪಿಸಿದರು. ಸ್ವೀಡನ್‌ನ ಕೃಷಿ ವಿಶ್ವವಿದ್ಯಾಲಯದ ಹ್ಯೂರೇಕಾ ಇನ್ನೂ ದೊಡ್ಡದು. ಇವತ್ತು ಹೀಗೆ ಕಡಿದರೆ ನೂರು ವರ್ಷಕ್ಕೆ ಕಾಡು ಹೇಗಿರುತ್ತದೆ ಎಂದು ಹಲವು ಯೋಜನೆಗಳನ್ನು ಪಕ್ಕಪಕ್ಕ ತೋರಿಸುತ್ತದೆ.

ಹ್ಯೂರೇಕಾ ಉಚಿತವಾಗಿ ಸಿಗುತ್ತದೆ ಎಂದು ಇಳಿಸಿಕೊಂಡು ಕೂರಬೇಡಿ. ಅದರೊಳಗಿನ ಬೆಳವಣಿಗೆಯ ಸೂತ್ರಗಳು ಸ್ವೀಡನ್‌ನ ಸ್ಪ್ರೂಸ್, ಪೈನ್, ಬರ್ಚ್ ಮರಗಳಿಗೆ ಬರೆದವು. ನಮ್ಮ ಒಂದು ಸಣ್ಣ ಕಾನಿನಲ್ಲಿ (ನಿತ್ಯಹಸಿರು ಕಾಡಿನಲ್ಲಿ) ಹತ್ತಾರು ಜಾತಿ ಮರ, ಬಳ್ಳಿ, ಬೆತ್ತ. ಸೊಪ್ಪು ಕೊಯ್ಯುವುದು, ದನ ಮೇಯುವುದು ಆ ಸೂತ್ರಗಳಿಗೆ ಗೊತ್ತೇ ಇಲ್ಲ.

ಮೆಸ್ಟಾದ ಒಳಗಿನ ಯೋಚನೆಯನ್ನು ಮಾತ್ರ ನಾವು ಕಂಪ್ಯೂಟರ್ ಇಲ್ಲದೆಯೇ ತರಬಹುದು. ಅದು ತೂಕ ಕೇಳುವುದಿಲ್ಲ, ಗಡಿ ಕೇಳುತ್ತದೆ. "ಇದಕ್ಕಿಂತ ಕಡಿಮೆ ಆದರೆ ನನಗೆ ಆಗದು" ಎಂಬ ಗಡಿ. ಆ ಗಡಿಯೊಳಗೆ ಯಾವ ಯೋಜನೆಗಳು ಉಳಿಯುತ್ತವೆ, ಯಾರು ಸ್ವಲ್ಪ ಸರಿದರೆ ಎಲ್ಲರಿಗೂ ಒಪ್ಪುವುದು ಸಿಗುತ್ತದೆ ಎಂದು ನೋಡುವುದು. ಅಂಗಳದಲ್ಲಿ ಇದು ಹಗ್ಗದಲ್ಲಿ ಆಗುತ್ತದೆ. ಮೂರು ಯೋಜನೆಗೆ ಮೂರು ಸಾಲು. ಪ್ರತಿ ಸಾಲಿನಲ್ಲಿ ವಾರಕ್ಕೆ ಎಷ್ಟು ಹೊರೆ ಸೌದೆ ಸಿಗುತ್ತದೆ ಎಂದು ಅಷ್ಟು ಕಡ್ಡಿ ಇಡಿ. ಹೆಂಗಸರು ತಮಗೆ ಬೇಕೇ ಬೇಕಾದ ಹೊರೆಯ ಮೇಲೆ ಅಡ್ಡ ಹಗ್ಗ ಎಳೆಯಲಿ. ಹಗ್ಗ ಮುಟ್ಟದ ಯೋಜನೆ ಯಾವುದು ಎಂದು ಎಲ್ಲರಿಗೂ ಕಾಣುತ್ತದೆ. ಮೇವಿಗೆ, ದುಡ್ಡಿಗೆ ಇದೇ ರೀತಿ. "ಎಷ್ಟು ಮುಖ್ಯ" ಎಂದು ಕೇಳಿದರೆ ತಡವರಿಸುವವರು "ಎಷ್ಟಕ್ಕಿಂತ ಕಡಿಮೆ ಆದರೆ ಆಗದು" ಎಂದು ಕೇಳಿದರೆ ತಟ್ಟನೆ ಹೇಳುತ್ತಾರೆ. ಅದು ಅವರ ದಿನದ ಲೆಕ್ಕ.

ನೀರಿನ ಕೆಲಸಕ್ಕೆ ಮಾತ್ರ ಕ್ಲಾರ್ಟ್ ಎಂಬ ಆಂಡ್ರಾಯ್ಡ್ ಆಪ್ ಇದೆ. ನಿಂತ ಜಾಗದಲ್ಲಿ ನೀರು ಇಂಗಿಸಬಹುದೇ ಎಂಬುದನ್ನು ಬಣ್ಣದಲ್ಲಿ ತೋರಿಸುತ್ತದೆ. ಉದ್ಯೋಗ ಖಾತ್ರಿಯಲ್ಲಿ ಟ್ರೆಂಚ್, ಚೆಕ್ ಡ್ಯಾಂ ಹಾಕುವ ಊರಿಗೆ ಉಪಯೋಗ. ಕಾಡಿನ ಉಳಿದ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ.

ವಾಟ್ಸಾಪ್ ಪೋಲ್, ಗೂಗಲ್ ಫಾರ್ಮ್ ಬಗ್ಗೆ ಕೇಳುತ್ತಾರೆ. ಸಭೆಯ ದಿನ ಗೊತ್ತು ಮಾಡಲು, ಬೆಂಗಳೂರಿನಲ್ಲಿರುವ ಮಕ್ಕಳಿಗೆ ವಿಷಯ ತಿಳಿಸಲು ಒಳ್ಳೆಯದು. ತೀರ್ಮಾನಕ್ಕೆ ಬೇಡ. ಸೌದೆ ಹೊರುವವರ ಕೈಯಲ್ಲಿ ಹೆಚ್ಚಾಗಿ ಆ ಫೋನ್ ಇರುವುದಿಲ್ಲ.

ನಕ್ಷೆ ಮೇಲಿನಿಂದ ಬಂದಾಗ

ಊರು ತಾನೇ ಆರಿಸದ ಸಾಧನವೂ ಒಂದಿದೆ. ಪಶ್ಚಿಮ ಘಟ್ಟದ ರಕ್ಷಣೆಯ ಎರಡು ವರದಿಗಳನ್ನು ಈ ಕಣ್ಣಿನಿಂದ ನೋಡಿ. 2011ರ ಮಾಧವ ಗಾಡ್ಗೀಳ್ ಸಮಿತಿ ಇಡೀ ಘಟ್ಟವನ್ನು ಸುಮಾರು 9 ಕಿ.ಮೀ. ಉದ್ದ, 9 ಕಿ.ಮೀ. ಅಗಲದ ಚೌಕಗಳಾಗಿ ಮಾಡಿ, ಚೌಕಕ್ಕೆ ಅಂಕ ಕೊಟ್ಟು, ಮೂರು ವಲಯ ಗುರುತಿಸಿತು. ಕೊನೆಯ ಗೆರೆಯನ್ನು ಗ್ರಾಮ ಸಭೆಗಳ ಜೊತೆ ಕೂತು ಎಳೆಯಬೇಕು ಎಂಬುದು ಅದರ ಆಶಯ. 2013ರ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ಇಟ್ಟುಕೊಂಡು, ಹಳ್ಳಿಯನ್ನೇ ಘಟಕ ಮಾಡಿತು. ಹಳ್ಳಿಯ 20 ಶೇಕಡಾ ಅಥವಾ ಹೆಚ್ಚು ಭಾಗ ಪರಿಸರ ಸೂಕ್ಷ್ಮ ಎಂದು ಕಂಡರೆ ಇಡೀ ಹಳ್ಳಿ ಪಟ್ಟಿಗೆ.

ಹಳ್ಳಿಯ ಹೆಸರಿನಲ್ಲಿ ಪಟ್ಟಿ ಬಂದದ್ದರಿಂದ ಜನರಿಗೆ "ನಾವಿದ್ದೇವೆಯೇ ಇಲ್ಲವೇ" ಎಂದು ತಕ್ಷಣ ಗೊತ್ತಾಯಿತು. ಚೌಕದಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಆದರೆ ಯಾಕೆ ಸೇರಿದೆವು ಎಂದು ಹಳ್ಳಿಯಲ್ಲಿ ಕೂತು ಪರೀಕ್ಷಿಸುವ ದಾರಿ ಎರಡರಲ್ಲೂ ತಲುಪಲಿಲ್ಲ. ಮಲೆನಾಡಿನಲ್ಲಿ ತೋಟವನ್ನೂ ಕಾಡು ಎಂದು ಎಣಿಸಿದ್ದಾರೆ ಎಂಬ ದೂರು ಎದ್ದಿತು. ಪಟ್ಟಿಯ ಹಳ್ಳಿಗಳನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಘೋಷಿಸುವ ಕರಡು ಅಧಿಸೂಚನೆ 2014ರಲ್ಲಿ ಬಂತು, ಮತ್ತೆ ಮತ್ತೆ ಬಂತು. 2024ರ ಜುಲೈ 31ರದ್ದು ಆರನೆಯದು. ಕರ್ನಾಟಕದ 20,668 ಚದರ ಕಿ.ಮೀ. ಅದರಲ್ಲಿದೆ. ಪ್ರತಿ ಸಲವೂ ಆಕ್ಷೇಪಣೆಗೆ 60 ದಿನ.

ಅಂಥ 60 ದಿನದಲ್ಲಿ ಏನು ಮಾಡಬಹುದು? "ನಮಗೆ ಬೇಡ" ಎಂದು ಸಹಿ ಹಾಕಿದ ಒಂದು ಮನವಿ ಒಂದು ರೀತಿ. ಕ್ಯೂಜಿಐಎಸ್‌ನಲ್ಲಿ ಊರಿನ ಗಡಿ ಇಟ್ಟು, ಯಾವ ಹಸಿರು ಅಡಿಕೆ, ಯಾವುದು ಸೊಪ್ಪಿನ ಬೆಟ್ಟ, ಯಾವುದು ನಿಜವಾಗಿ ಕಾನು ಎಂದು ಬೇರೆ ಮಾಡಿ, ಫೋಟೋ ಮತ್ತು ಗ್ರಾಮ ಸಭೆಯ ಠರಾವು ಜೊತೆಗಿಟ್ಟು ಕಳಿಸುವುದು ಇನ್ನೊಂದು ರೀತಿ. ಎರಡನೆಯದನ್ನು ಮಾಡಿದ ಊರು ಯಾವುದನ್ನು ಉಳಿಸಿಕೊಳ್ಳಲು ತಾನು ಸಿದ್ಧ ಎಂಬುದನ್ನೂ ಹೇಳಬಲ್ಲದು. ಘಟ್ಟದ ಕಾಡು ನಮಗೂ ಬೇಕು. ಗೆರೆ ಎಲ್ಲಿ ಎಂಬ ಮಾತಿನಲ್ಲಿ ನಾವಿರಬೇಕು.

ಹಾಗಾದರೆ ನೀವು ಯಾವುದು ತೆಗೆದುಕೊಳ್ಳಬೇಕು?

ಒಂದೇ ದಿನ ಇದೆ, ದುಡ್ಡಿಲ್ಲ, ಮೈಕ್ರೋ ಪ್ಲಾನಿಗೆ ಸಹಿ ಹಾಕಬೇಕು: ಬೆಳಿಗ್ಗೆ ನೆಲದ ನಕ್ಷೆ, ಮಧ್ಯಾಹ್ನ ಗಂಡಸರು ಹೆಂಗಸರು ಬೇರೆ ಬೇರೆ ಬೀಜ. ಇಷ್ಟಾದರೂ ಮಾಡದೆ ಸಹಿ ಹಾಕಬೇಡಿ.

ಅರಣ್ಯ ಹಕ್ಕಿನ ಅರ್ಜಿ ಹಾಕುತ್ತಿದ್ದೀರಿ: ನೆಲದ ನಕ್ಷೆಯಿಂದ ಶುರು ಮಾಡಿ, ಆಮೇಲೆ ಹಿರಿಯರನ್ನು ಕರೆದುಕೊಂಡು ಜಿಪಿಎಸ್‌ನಲ್ಲಿ ಗಡಿ ಸುತ್ತಿ. ಪಕ್ಕದ ಊರಿನವರನ್ನೂ ಅವತ್ತೇ ಕರೆಯಿರಿ. ಗಡಿಯ ತಕರಾರು ಅರ್ಜಿ ಹೋದ ಮೇಲೆ ಎದ್ದರೆ ವರ್ಷಗಟ್ಟಲೆ ಹಿಡಿಯುತ್ತದೆ.

ಹಕ್ಕು ಸಿಕ್ಕಿದೆ, ಹತ್ತು ವರ್ಷದ ಯೋಜನೆ ಮಾಡಬೇಕು, ಒಂದು ಬೇಸಿಗೆ ಕೈಯಲ್ಲಿದೆ: ರಟ್ಟಿನ ಗುಡ್ಡ ಮಾಡಿ. ಅದರ ಸುತ್ತ ಕೂತು ಹಗ್ಗದ ಗಡಿ ಎಳೆಯಿರಿ. ಕೊನೆಗೆ ಒಪ್ಪುವ ಎಲ್ಲದಕ್ಕೂ ಕೈ ಎತ್ತುವ ಮತ. ಸಮಿತಿಯವರು ಬೇಕಿದ್ದರೆ ತಮ್ಮೊಳಗೆ ಎಎಚ್‌ಪಿ ಮಾಡಿ ಊರಿನ ಬೀಜದ ಜೊತೆ ಹೋಲಿಸಿ ನೋಡಲಿ. ಎರಡೂ ಬೇರೆ ಬಂದರೆ ಸಮಿತಿ ಊರಿನಿಂದ ದೂರ ಹೋಗಿದೆ ಎಂದು ತಿಳಿಯುತ್ತದೆ.

ನೀವು ಇಲಾಖೆಯವರಾಗಿದ್ದರೆ, ಸಭೆಗೆ ಬರುವಾಗ ಪ್ಲಾನ್ ತುಂಬಿಸಿಕೊಂಡು ಬರಬೇಡಿ. ಖಾಲಿ ನಕ್ಷೆ ತನ್ನಿ. ಸಸಿಗಳ ಪಟ್ಟಿಯಲ್ಲಿ ಎರಡು ಸಾಲು ಖಾಲಿ ಬಿಡಿ.

ಯಾವುದನ್ನೇ ಆರಿಸಿ, ಮುಗಿದ ದಿನವೇ ಮೂರು ಪ್ರತಿ ಮಾಡಿಸಿ. ಒಂದು ಪಂಚಾಯಿತಿ ಕಚೇರಿಗೆ, ಒಂದು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಸ್ವೀಕೃತಿ ಪಡೆದು, ಒಂದು ಊರಿನ ಶಾಲೆಯ ಗೋಡೆಗೆ. ಗೋಡೆಯ ಪ್ರತಿಯನ್ನು ಹೆಂಗಸರು ಕೂರುವ ಬಾಗಿಲ ಬದಿಗೆ ಅಂಟಿಸಿ, ಪಕ್ಕದಲ್ಲಿ ಒಂದು ಪೆನ್ಸಿಲ್ ಕಟ್ಟಿ. ಒಂದು ತಿಂಗಳು ಅದು ಅಲ್ಲೇ ಇರಲಿ. ತಿದ್ದುಪಡಿಗಳು ಬರುವುದು ಆ ತಿಂಗಳಲ್ಲಿ.